ಮಿಕ್ಸರ್‌ಗೆ ಹೆಸರು ಅಂಟಿಸುವ ಮುನ್ನ

ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಇನ್ನು ನಾಲ್ಕೈದು ದಿನ ಇತ್ತು. ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಬಯಲಾಟ. ಮೈಕುಗಳ ಸ್ವರ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂತದ್ದು ನಾನು. ಕರೆಂಟಿನ ಕೆಲಸಕ್ಕೆ ಬಳಸುವ ಬಿಳಿ ಇನ್ಸುಲೇಶನ್ ಟೇಪಿನ ತುಂಡುಗಳಲ್ಲಿ ‘ಭಾಗವತರು’, ‘ಮದ್ದಳೆ’, ‘ಚೆಂಡೆ’ ಎಂದು ಬರೆದು ಅಂಟಿಸಿದ್ದೆ. ಮೇ ತಿಂಗಳ ಸೆಕೆಗೆ ಗೋಂದು ಮೆತ್ತಗಾಗಿ ಚೀಟಿಗಳು ಮೆಲ್ಲ ಜಾರಿದವು. ಭಾಗವತರ ಸ್ವರ ಏರಿಸಲು ಹೋಗಿ ಚೆಂಡೆ ಏರಿಸಿಬಿಟ್ಟೆ. ಮುಂದಿನ ಸಾಲಿನ ಅಜ್ಜ ಕಿವಿ ಮುಚ್ಚಿಕೊಂಡರು!

ಬೆಳಿಗ್ಗೆ ಟೇಪ್ ಕಿತ್ತರೆ ಅಡಿಯಲ್ಲಿ ಕಪ್ಪು ಅಂಟು. ಅದರ ಮೇಲೆ ಆಟದ ಬಯಲಿನ ಧೂಳು. ಅದನ್ನು ಬಿಡಿಸಲು ಅರ್ಧ ದಿನ ಹೋಯಿತು.

ಹಾಗಾಗಿ ಟೇಪ್ ತರುವ ಮೊದಲು ಸ್ಕೇಲ್ ಹಿಡಿದು ಅಳತೆ ಮಾಡಿ. ಸ್ವರ ಏರಿಸಿ ಇಳಿಸಲು ಜಾರಿಸುವ ಗುಂಡಿಗಳ, ಅಂದರೆ ಫೇಡರ್‌ಗಳ ಕೆಳಗೆ ಬರೆಯಲೆಂದೇ ಬಿಟ್ಟ ಖಾಲಿ ಪಟ್ಟಿ ಸಣ್ಣ ಮಿಕ್ಸರ್‌ಗಳಲ್ಲಿ ತುಂಬಾ ಕಿರಿದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ ಟೇಪ್ ಕೇಳಿದರೆ ಕೊಡುವುದು ಹೆಚ್ಚಾಗಿ ಒಂದಿಂಚಿನದು. ಅದು ಬಟನ್‌ಗಳನ್ನೂ ಮುಚ್ಚುತ್ತದೆ. ಅರ್ಧ ಇಂಚಿನದು, ಅಂದರೆ ಸುಮಾರು 12 ಮಿಲಿಮೀಟರ್ ಅಗಲದ್ದು ಕೇಳಿ. ಸಿಗದಿದ್ದರೆ ಗಾಜಿನ ಮೇಲೆ ಅಂಟಿಸಿ ಬ್ಲೇಡಿನಿಂದ ಸೀಳಿಕೊಳ್ಳಿ. ಮಿಕ್ಸರ್ ಮೇಲೆ ಮಾತ್ರ ಬ್ಲೇಡ್ ಬೇಡ ಮಾರಾಯ್ರೆ.

ಇನ್ನು ಯಾವ ಟೇಪ್? ಪೇಂಟಿನವರ ಹಳದಿ ಮಾಸ್ಕಿಂಗ್ ಟೇಪ್ ಅಗ್ಗ, ಕೈಯಲ್ಲೇ ಹರಿಯುತ್ತದೆ, ಮಾರ್ಕರ್ ಚೆನ್ನಾಗಿ ಹಿಡಿಯುತ್ತದೆ. ಒಂದು ರಾತ್ರಿಗೆ ಧಾರಾಳ ಸಾಕು. ಅದರ ಗೋಂದು ರಬ್ಬರಿನದು. ವಾರಗಟ್ಟಲೆ ಸೆಕೆಯಲ್ಲಿ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತದೆ. ನೀಲಿ ಬಣ್ಣದ ಪೇಂಟರ್ಸ್ ಟೇಪ್ ಹೆಚ್ಚು ದಿನ ಇದ್ದರೂ ಶುದ್ಧವಾಗಿ ಬರುತ್ತದೆ. ಎಷ್ಟು ದಿನ ಎಂಬುದು ರೋಲಿನ ಮೇಲೆಯೇ ಇರುತ್ತದೆ, ಓದಿ. ಆದರೆ ರಾತ್ರಿ ಮಂದ ಬೆಳಕಿನಲ್ಲಿ ನೀಲಿಯ ಮೇಲಿನ ಕಪ್ಪು ಅಕ್ಷರ ನನ್ನ ಕಣ್ಣಿಗೆ ಕಾಣಿಸುವುದಿಲ್ಲ.

ನನಗೆ ಇಷ್ಟವಾದದ್ದು ಮೆಡಿಕಲ್ ಶಾಪಿನ ಬಿಳಿ ಮೈಕ್ರೊಪೋರ್ ಟೇಪ್. ಕುಂಬಳೆಯಲ್ಲೂ ಸಿಗುತ್ತದೆ, ಪೆರ್ಲದಲ್ಲೂ ಸಿಗುತ್ತದೆ. ಅರ್ಧ ಇಂಚಿನ ರೋಲೂ ಇದೆ. ಚರ್ಮಕ್ಕೆ ಅಂಟಿಸಿ ಕೀಳಲೆಂದೇ ಮಾಡಿದ್ದು, ಅಲ್ವಾ? ಒಂದು ದೋಷ ಇದೆ. ಅದರಲ್ಲಿ ಗಾಳಿಯಾಡುವ ಸಣ್ಣ ತೂತುಗಳಿವೆ. ಮಾರ್ಕರಿನ ಶಾಯಿ ಅವುಗಳಿಂದ ಇಳಿದು ಮಿಕ್ಸರಿಗೇ ಹತ್ತುತ್ತದೆ. ಬಾಲ್‌ಪೆನ್ ಬಳಸಿ.

ಸ್ಟೇಜಿನವರು ಬಳಸುವ ಬಟ್ಟೆಯ ಗ್ಯಾಫರ್ ಟೇಪ್ ಕೇಬಲನ್ನು ನೆಲಕ್ಕೆ ಹಿಡಿಸಲು ಒಳ್ಳೆಯದು, ಹೆಸರು ಬರೆಯಲು ದುಬಾರಿ. ಅದರಂತೆಯೇ ಕಾಣುವ ಹೊಳಪಿನ ಡಕ್ಟ್ ಟೇಪ್ ತರಬೇಡಿ. ಕಿತ್ತರೆ ಅಂಟು ಅಲ್ಲೇ ಉಳಿಯುತ್ತದೆ.

ತಂದದ್ದನ್ನು ನೇರ ಮುಂಭಾಗಕ್ಕೆ ಹಾಕಬೇಡಿ. ಮಿಕ್ಸರಿನ ಅಡಿಭಾಗದಲ್ಲಿ ಒಂದು ತುಂಡು ಅಂಟಿಸಿ ಎರಡು ರಾತ್ರಿ ಬಿಟ್ಟು ಕಿತ್ತು ನೋಡಿ. ಬೆರಳಿಗೆ ಜಿಗುಟು ಹತ್ತದಿದ್ದರೆ ಆಯಿತು. ಅಂಟಿಸುವಾಗ ಒಣ ಬಟ್ಟೆಯಲ್ಲಿ ಒರೆಸಿ, ಉದ್ದಕ್ಕೆ ಒಂದೇ ಪಟ್ಟಿ ಎಳೆಯಿರಿ. ಬಿಡಿ ತುಂಡುಗಳೇ ಜಾಸ್ತಿ ಜಾರುವುದು. ಒಂದು ತುದಿಯನ್ನು ಅರ್ಧ ಸೆಂಟಿಮೀಟರ್ ಮಡಚಿಟ್ಟರೆ ಕೀಳಲು ಹಿಡಿ ಸಿಗುತ್ತದೆ.

ಬರೆಯುವ ವಿಷಯದಲ್ಲಿ ನಮ್ಮ ಊರಿನ ಒಂದು ಕಷ್ಟ ಇದೆ. ನನ್ನ ಜೊತೆಗೆ ಬರುವ ಹುಡುಗನಿಗೆ ಕನ್ನಡ ಮಾತು ಬರುತ್ತದೆ, ಓದಲು ಮಲಯಾಳ ಮಾತ್ರ. ಹಾಗಾಗಿ ನಾವು ಅಕ್ಷರ ಬಿಟ್ಟು ಚಿತ್ರ ಹಾಕುತ್ತೇವೆ. ನಿಂತ ಡಬ್ಬಿ ಚೆಂಡೆ, ಮಲಗಿದ ಡಬ್ಬಿ ಮದ್ದಳೆ, ಎರಡು ಸಣ್ಣ ವೃತ್ತ ಚಕ್ರತಾಳ. ಭಾಗವತರಿಗೆ ಮುಂಡಾಸು.

ಕೇಬಲಿಗೆ ಬಾವುಟದ ಹಾಗೆ ಕಟ್ಟಿ. ಆರು ಸೆಂಟಿಮೀಟರ್ ತುಂಡನ್ನು ಸುತ್ತಿ, ಟೇಪಿಗೆ ಟೇಪೇ ಅಂಟುವಂತೆ ಒತ್ತಿ. ಕೇಬಲಿಗೆ ಗೋಂದು ತಾಗುವುದು ಸ್ವಲ್ಪವೇ. ಎರಡೂ ತುದಿಗೆ ಒಂದೇ ನಂಬರ್ ಹಾಕಿ.

ಚೆಂಡೆ, ಮದ್ದಳೆಯ ಚರ್ಮಕ್ಕೆ ಯಾವ ಟೇಪೂ ಬೇಡ. ಹಾರ್ಮೋನಿಯಮ್ ಕಲಿಯುವ ಮಕ್ಕಳಿಗೆ ಮನೆಗಳ (ಒತ್ತುವ ಕೀಗಳ) ಮೇಲೆ ಸ ರಿ ಗ ಅಂಟಿಸಬಹುದು, ಪೆಟ್ಟಿಗೆಯ ಪಾಲಿಶಿಗೆ ಅಂಟಿಸಬೇಡಿ. ಹಳೆಯ ಪಾಲಿಶ್ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮಾಡಿದ್ದು. ಅಂಟು ತೆಗೆಯಲು ಸ್ಪಿರಿಟ್ ಉಜ್ಜಿದರೆ ಪಾಲಿಶೇ ಎದ್ದು ಬರುತ್ತದೆ.

ಮಿಕ್ಸರಿನಲ್ಲಿ ಅಂಟು ಉಳಿದರೆ ಮೊದಲು ಹೊಸ ಟೇಪಿನ ತುಂಡನ್ನು ಅದರ ಮೇಲೆ ಒತ್ತಿ ಒತ್ತಿ ಎತ್ತಿ. ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಬಟ್ಟೆಯ ತುದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್ ಮುಟ್ಟಲೇಬೇಡಿ, ಮುದ್ರಿಸಿದ ಅಕ್ಷರವೂ ಹೋಗುತ್ತದೆ. ತೆಂಗಿನೆಣ್ಣೆಯೂ ಅಂಟು ಬಿಡಿಸುತ್ತದೆ, ಆದರೆ ಫೇಡರಿನ ಸಂದಿಗೆ ಇಳಿದರೆ ಕಷ್ಟ.

ಇಷ್ಟೆಲ್ಲ ತೊಂದರೆ ಬೇಡವೆಂದರೆ ಮಂಗಳ ಹಾಡಿದ ಕೂಡಲೇ, ಕೇಬಲ್ ಸುತ್ತುವ ಮೊದಲೇ ಪಟ್ಟಿ ಕೀಳಿ. ಮೇಲಕ್ಕೆ ಜಗ್ಗದೆ, ಹಿಂದಕ್ಕೆ ಮಡಚಿ ಮೆಲ್ಲ ಎಳೆಯಿರಿ. ಕಿತ್ತದ್ದನ್ನು ನಾನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡುತ್ತೇನೆ. ಅದೇ ಮೇಳ ಮತ್ತೆ ಬಂದರೆ ಅದೇ ಸಾಲು, ಅದೇ ಮುಂಡಾಸು. ಎರಡು ಮೂರು ಆಟಕ್ಕೆ ಬರುತ್ತದೆ.