ರೊಟ್ಟಿ ವಾಪಸ್ ಬಂತು, ಬೆಣ್ಣೆ ಹೋಗಲೇ ಇಲ್ಲ

ರೊಟ್ಟಿ, ಅನ್ನ ಎಲ್ಲ ಬಿಟ್ಟು ಐದು ತಿಂಗಳಲ್ಲಿ ನಾನು 9 ಕೆಜಿ ಇಳಿದಿದ್ದೆ. 74 ಇದ್ದವಳು 65ಕ್ಕೆ ಬಂದೆ. ಹಳೇ ರವಿಕೆಗಳೆಲ್ಲ ಮತ್ತೆ ಆಗತೊಡಗಿದವು. ಆಮೇಲಿನ ಏಳು ತಿಂಗಳಲ್ಲಿ 6 ಕೆಜಿ ವಾಪಸ್ ಬಂತು. ಸಿಕ್ಕಿದ್ದೆಲ್ಲ ತಿಂದೆ ಅಂದುಕೊಳ್ಳಬೇಡಿ. ದಿನಕ್ಕೆ ಎರಡು ಮೂರು ರೊಟ್ಟಿ, ಕೊನೆಗೆ ಒಂದು ತುತ್ತು ಅನ್ನ. ನಮ್ಮ ದಾವಣಗೆರೆ ಕಡೆ ಇದನ್ನು ಊಟ ಅನ್ನುವುದೇ ಇಲ್ಲ. ನಮ್ಮ ಅತ್ತೆ ಇದ್ದಿದ್ದರೆ ‘ಯಾವ ವ್ರತ ಹಿಡಿದಿದೀಯವ್ವಾ’ ಅಂತ ಕೇಳುತ್ತಿದ್ದರು.

ಇದು ಶುರುವಾಗಿದ್ದು ಮಗನಿಂದ. ನನಗೆ ಶುಗರ್ ಅಂಚಿಗೆ ಬಂದಿದೆ ಅಂತ ಗೊತ್ತಾದ ಕೂಡಲೇ, ಮೊಬೈಲಿನಲ್ಲಿ ಡಯಟ್ ಹೇಳಿಕೊಡುವ ಒಬ್ಬರಿಗೆ ಬೆಂಗಳೂರಿನಿಂದಲೇ ದುಡ್ಡು ಕಟ್ಟಿಬಿಟ್ಟ. ಜೋಳ, ಅಕ್ಕಿ, ಗೋಧಿ, ಬೆಲ್ಲ, ಸಕ್ಕರೆ, ಆಲೂಗಡ್ಡೆ ಎಲ್ಲಾ ಬಂದ್. ನಮ್ಮದು ಮೊಟ್ಟೆಯನ್ನೂ ತರದ ಮನೆ. ಹಾಗಾಗಿ ಪನೀರು, ಶೇಂಗಾ, ಬಾದಾಮಿ, ಕೊಬ್ಬರಿ, ಬೆಣ್ಣೆ, ಗಟ್ಟಿ ಮೊಸರು, ಜೊತೆಗೆ ಸೊಪ್ಪು. ತೂಕ ಇಳಿಯುವ ತನಕ ವಾರ ವಾರ ತಪ್ಪದೇ ಫೋನು. ಇಳಿದ ಮೇಲೆ ಕೈಮುಗಿದ ಚಿತ್ರ ಹಾಕಿ ‘ಅಭಿನಂದನೆ ಮೇಡಂ’ ಅಂದರು, ಅಲ್ಲಿಗೆ ಮುಗೀತು. ನಾಳೆಯಿಂದ ಏನು ತಿನ್ನಬೇಕು ಅಂತ ಒಂದು ಮಾತು ಹೇಳಲಿಲ್ಲ. ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ತಪ್ಪು ಎಲ್ಲಾಯಿತು ಅಂತ ಗೊತ್ತಾಗಿದ್ದು ಒಂದು ದಿನ ಕಿರಾಣಿ ಚೀಟಿ ಬರೆಯುವಾಗ. ಜೋಳ ಮತ್ತೆ ಚೀಟಿಗೆ ಬಂದಿತ್ತು, ಅಕ್ಕಿಯೂ ಬಂದಿತ್ತು. ಆದರೆ ಪನೀರು, ಬೆಣ್ಣೆ, ಶೇಂಗಾ ಚೀಟಿಯಿಂದ ಹೋಗಿರಲಿಲ್ಲ! ಡಯಟ್ ಮಾಡುವಾಗ ಅವು ರೊಟ್ಟಿ ಜಾಗದಲ್ಲಿ ಕೂತಿದ್ದವು. ಈಗ ರೊಟ್ಟಿ ವಾಪಸ್ ಬಂದು ತನ್ನ ಜಾಗದಲ್ಲಿ ಕೂತರೂ ಅವು ಎದ್ದಿರಲಿಲ್ಲ. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಮುದ್ದೆ ಹಾಕಿಕೊಂಡು, ‘ಬೆಣ್ಣೆಯಿಂದ ತೂಕ ಬರಲ್ಲ, ಡಯಟ್‌ನಲ್ಲೇ ತಿಂದಿದ್ದೆ’ ಅಂತ ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಲೆಕ್ಕ ಒಂದು ಸಲ ಮಾಡಿ ನೋಡಿ. ನಾನು ಬಡಿಯುವ ಒಂದು ಮೆತ್ತನೆ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ. ಅಡುಗೆಮನೆ ತಕ್ಕಡಿಯಲ್ಲೇ ತೂಗಿ ನೋಡಿದ್ದು. ಅದರಲ್ಲಿ ಸುಮಾರು 170 ಕ್ಯಾಲೊರಿ. ಟಿವಿ ನೋಡುತ್ತಾ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂ, ಅದರಲ್ಲೂ ಹೆಚ್ಚು ಕಡಿಮೆ ಅಷ್ಟೇ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ 100ಕ್ಕೆ ಮೋಸವಿಲ್ಲ. 100 ಗ್ರಾಂ ಪನೀರು ಅಂದರೆ ಒಂದೂವರೆ ರೊಟ್ಟಿಗೂ ಜಾಸ್ತಿ. ನಾನು ಮೂರು ರೊಟ್ಟಿ ಅಂದುಕೊಂಡಿದ್ದು ನಿಜವಾಗಿ ಆರು ರೊಟ್ಟಿಯ ಊಟ.

ಅದಕ್ಕೇ ಎರಡನೇ ಸಲ ಇಳಿಸಿದಾಗ ಬೇರೆ ದಾರಿ ಹಿಡಿದೆ. ಒಂದು ರೊಟ್ಟಿ ಒಳಗೆ ಬಂದರೆ ಒಂದು ಜಿಡ್ಡು ಹೊರಗೆ ಹೋಗಬೇಕು. ಮೊದಲು ಮಧ್ಯಾಹ್ನಕ್ಕೆ ಮಾತ್ರ ಒಂದು ರೊಟ್ಟಿ, ಅದಕ್ಕೆ ಬದಲಾಗಿ ಸಂಜೆಯ ಶೇಂಗಾ ನಿಂತಿತು. ಎರಡು ವಾರ ಹಾಗೇ ಇದ್ದು, ತೂಕ ನಿಂತಿದೆ ಅಂತ ಖಾತ್ರಿಯಾದ ಮೇಲೆ ರಾತ್ರಿಗೆ ಇನ್ನೊಂದು ರೊಟ್ಟಿ. ಆಗ ಬೆಣ್ಣೆ ಹೋಯಿತು. ಮತ್ತೆ ಎರಡು ವಾರ ಬಿಟ್ಟು ಮಧ್ಯಾಹ್ನಕ್ಕೆ ಅರ್ಧ ಬಟ್ಟಲು ಅನ್ನ, ಪನೀರು ವಾರಕ್ಕೊಂದು ದಿನಕ್ಕೆ ಇಳಿಯಿತು. ಮೂರನೇ ರೊಟ್ಟಿ ಸೇರಿಸಿದಾಗ ತೂಕ ಏರಲು ಶುರುವಾಯಿತು, ಬಿಟ್ಟೆ. ನನ್ನ ಮೈಗೆ ಎರಡು ರೊಟ್ಟಿ, ಅರ್ಧ ಬಟ್ಟಲು ಅನ್ನ. ಹೊಲಕ್ಕೆ ಹೋಗಿ ದುಡಿಯುವವರಿಗೆ ನಾಲ್ಕಾದರೂ ಸರಿಹೋಗಬಹುದು. ನಿಮ್ಮ ಗೆರೆ ಎಲ್ಲಿದೆ ಅಂತ ಹೀಗೆ ಒಂದೊಂದಾಗಿ ಸೇರಿಸಿಯೇ ತಿಳಿಯಬೇಕು. ರೊಟ್ಟಿ, ಅನ್ನ ಎಲ್ಲವನ್ನೂ ಒಟ್ಟಿಗೆ ತಂದುಬಿಟ್ಟರೆ ಯಾವುದು ಹೆಚ್ಚಾಯಿತು ಅಂತ ಗೊತ್ತಾಗುವುದೇ ಇಲ್ಲ.

ಇಲ್ಲಿ ಒಂದು ಭಯ ಕಾದಿರುತ್ತದೆ. ರೊಟ್ಟಿ ಶುರು ಮಾಡಿದ ಮೊದಲ ವಾರದಲ್ಲೇ ತೂಕ ಒಂದು, ಒಂದೂವರೆ ಕೆಜಿ ಏರುತ್ತದೆ. ‘ಒಂದು ರೊಟ್ಟಿಗೆ ಇಷ್ಟಾದರೆ!’ ಅಂತ ಎದೆ ಒಡೆಯುತ್ತದೆ. ಅದು ಕೊಬ್ಬಲ್ಲ, ನೀರು. ನಮ್ಮ ಪಿತ್ತಜನಕಾಂಗ, ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅಂತ ಪಿಷ್ಟದ ಉಗ್ರಾಣ ಇರುತ್ತದೆ, ಸುಮಾರು ಅರ್ಧ ಕೆಜಿ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ, ರೊಟ್ಟಿ ಬಿಟ್ಟಾಗ ಉಗ್ರಾಣ ಖಾಲಿಯಾಗಿ ನೀರೂ ಹೋಗುತ್ತದೆ. ಅದಕ್ಕೇ ಡಯಟ್‌ನ ಮೊದಲ ವಾರ ಅಷ್ಟು ಜೋರಾಗಿ ಇಳಿಯುವುದು. ತಿನ್ನಲು ಶುರು ಮಾಡಿದಾಗ ತುಂಬಿಕೊಳ್ಳುತ್ತದೆ, ಅಷ್ಟೇ. 2 ಕೆಜಿ ನಿಜವಾದ ಕೊಬ್ಬು ಏರಬೇಕಾದರೆ ಬೇಕಾದ ಊಟದ ಮೇಲೆ ತೊಂಬತ್ತು ರೊಟ್ಟಿ ಹೆಚ್ಚಿಗೆ ತಿನ್ನಬೇಕು. ಒಂದು ವಾರದಲ್ಲಿ ಯಾರ ಕೈಲಾಗುತ್ತೆ? ನನ್ನ ತಂಗಿ ಇದು ಗೊತ್ತಿಲ್ಲದೆ, ‘ಹೇಗಿದ್ರೂ ಕೆಟ್ಟಿತು’ ಅಂತ ಬೇಜಾರಾಗಿ ಎಲ್ಲವನ್ನೂ ತಿನ್ನಲು ಶುರು ಮಾಡಿದಳು. ಅವಳನ್ನು ಕೆಡಿಸಿದ್ದು ರೊಟ್ಟಿಯಲ್ಲ, ತೂಕದ ಮಷೀನು.

ಹಸಿವಿನ ಮಾತು ಬೇರೆ. ಇಳಿದ ಮೇಲೆ ಹಸಿವು ಮೊದಲಿಗಿಂತ ಜಾಸ್ತಿಯಾಗುತ್ತದೆ. ನನಗೆ ಬರೀ ಚಪಲ ಅನ್ನಿಸಿತ್ತು. ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದವರನ್ನು ಒಂದು ವರ್ಷ ಬಿಟ್ಟು ಪರೀಕ್ಷಿಸಿದರಂತೆ. ಆಗಲೂ ಹಸಿವು ಎಬ್ಬಿಸುವ ಹಾರ್ಮೋನು ಹೆಚ್ಚೇ ಇತ್ತು ಅಂತ 2011ರಲ್ಲಿ ಪ್ರಕಟಿಸಿದ್ದಾರೆ. ಸೊಸೆ ಓದಿ ಹೇಳಿದಾಗ ನನಗೆ ಅರ್ಧ ಸಮಾಧಾನವಾಯಿತು. ಮೈ ಹಗುರಾದಷ್ಟೂ ಅದಕ್ಕೆ ಬೇಕಾದ ಊಟ ಕಡಿಮೆ, ಹಸಿವು ಮಾತ್ರ ಜಾಸ್ತಿ. ಎಂಥ ಅನ್ಯಾಯ ನೋಡಿ!

ಹಸಿವಿಗೆ ಮದ್ದು ನಮ್ಮ ರೊಟ್ಟಿ ತಟ್ಟೆಯಲ್ಲೇ ಇದೆ. ಆದರೆ ನಾವು ಈಗ ಅದನ್ನು ಉಲ್ಟಾ ತಿನ್ನುತ್ತೇವೆ, ಎರಡು ಮೂರು ರೊಟ್ಟಿಗೆ ಒಂದು ಚೂರು ಪಲ್ಯ. ನಾನು ಮೊದಲು ಒಂದು ಬಟ್ಟಲು ಹೆಸರುಕಾಳು ಅಥವಾ ಮಡಕೆಕಾಳು ಪಲ್ಯ, ಜೊತೆಗೆ ಸೌತೆಕಾಯಿ, ಮೂಲಂಗಿ, ಹಸಿ ಮೆಂತೆ ಸೊಪ್ಪು, ಈರುಳ್ಳಿ ಅರ್ಧಕ್ಕರ್ಧ ಮುಗಿಸುತ್ತೇನೆ. ರೊಟ್ಟಿ ಆಮೇಲೆ. ಹೀಗೆ ಮಾಡಿದರೆ ಊಟವಾದ ಮೇಲೆ ಶುಗರ್ ಅಷ್ಟು ನೆಗೆಯುವುದಿಲ್ಲ, ಹೊಟ್ಟೆಯೂ ಸಂಜೆಯ ತನಕ ಸುಮ್ಮನಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಕೊಟ್ಟ ಸೂಚನೆಯಲ್ಲೂ ಧಾನ್ಯದಿಂದ ಬರುವ ಕ್ಯಾಲೊರಿ ಶೇ 45 ದಾಟಬಾರದು ಅಂತಿದೆ. ಸಿರಿಧಾನ್ಯಗಳೂ ಆ ಲೆಕ್ಕದಲ್ಲೇ ಬರುತ್ತವೆ. ನವಣೆ ಅಂದ ಕೂಡಲೇ ಎರಡು ತಟ್ಟೆ ಹಾಕಿಸಿಕೊಳ್ಳುವವರಿಗೆ ಇದನ್ನು ಹೇಳಬೇಕು.

ಶೇಂಗಾ ಚಟ್ನಿಪುಡಿ ಬಿಡಬೇಡಿ, ಅದನ್ನು ಬಿಟ್ಟು ರೊಟ್ಟಿ ತಿನ್ನುವುದಕ್ಕಿಂತ ರೊಟ್ಟಿಯನ್ನೇ ಬಿಡುವುದು ವಾಸಿ. ಆದರೆ ಅದರ ಮೇಲೆ ಎಣ್ಣೆ ಹಾಕಿಕೊಳ್ಳುವ ಬದಲು ಗಟ್ಟಿ ಮೊಸರು ಕಲಸಿಕೊಳ್ಳಿ. ಎಣ್ಣೆಗೆ ನಮ್ಮ ಇಬ್ಬರ ಮನೆಯಲ್ಲಿ ತಿಂಗಳಿಗೆ ಒಂದೇ ಲೀಟರ್. ಒಂದನೇ ತಾರೀಖು ಡಬ್ಬಿಗೆ ಹಾಕಿ, ನಾಲ್ಕು ಗೆರೆ ಎಳೆದಿಡುತ್ತೇನೆ. ಗೆರೆಗಿಂತ ಬೇಗ ಇಳಿದರೆ ಆ ವಾರ ಒಗ್ಗರಣೆಗೆ ಕತ್ತರಿ. ಎಣಗಾಯಿಯನ್ನು ತೇಲುವಷ್ಟು ಎಣ್ಣೆಯಲ್ಲಿ ಮಾಡದಿದ್ದರೆ ಏನೂ ರುಚಿ ಕೆಡುವುದಿಲ್ಲ. ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ ನೋಡಿ.

ಇನ್ನು ನಮ್ಮ ಊರಿನ ಎರಡು ಮೋಹಗಳು. ಮಂಡಕ್ಕಿ ಹಗುರ, ಅದರಿಂದ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಭಟ್ಟಿಯಲ್ಲಿ ಅಕ್ಕಿ ಅರಳಿ ಮಂಡಕ್ಕಿ ಆಗುತ್ತದೆ, ಅಕ್ಕಿ ಎಲ್ಲೂ ಓಡಿಹೋಗುವುದಿಲ್ಲ. 50 ಗ್ರಾಂ ಮಂಡಕ್ಕಿ 50 ಗ್ರಾಂ ಅಕ್ಕಿಗೆ ಸಮ. ಗಾಳಿ ತುಂಬಿಕೊಂಡು ಕಣ್ಣಿಗೆ ಜಾಸ್ತಿ ಕಾಣುತ್ತದೆ, ಅದು ಒಳ್ಳೆಯದೇ. ಕಷ್ಟ ಇರುವುದು ಪಕ್ಕದಲ್ಲಿ ಕೂರುವ ಮಿರ್ಚಿಯಿಂದ. ಒಗ್ಗರಣೆ ಮಂಡಕ್ಕಿ ಒಂದು ಸಣ್ಣ ಬಟ್ಟಲು, ಹಸಿ ಈರುಳ್ಳಿ ಜಾಸ್ತಿ ಹಾಕಿ ತಿನ್ನಿ, ಮಿರ್ಚಿಯನ್ನು ನೋಡಿ ನಕ್ಕು ಬಿಡಿ. ಬೆಣ್ಣೆ ದೋಸೆಗೆ ಮಾತ್ರ ನಾನು ಯಾವ ಉಪಾಯವನ್ನೂ ಹೇಳಲಾರೆ. ಅಕ್ಕಿಯೂ ಇದೆ, ಮಂಡಕ್ಕಿಯೂ ಇದೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ. ನಾನು ಮೇಲೆ ಬೇಡ ಅಂದಿದ್ದೆಲ್ಲವೂ ಒಂದೇ ತಟ್ಟೆಯಲ್ಲಿ! ಬೆಣ್ಣೆ ಹಾಕಬೇಡಿ ಅಂತ ಭಟ್ಟರಿಗೆ ಹೇಳುವುದು ನಾಚಿಕೆಗೇಡು. ತಿಂಗಳಿಗೊಮ್ಮೆ, ಒಂದೇ ಒಂದು, ಪೂರ್ತಿ ಬೆಣ್ಣೆ ಹಾಕಿಸಿಕೊಂಡು ತಿನ್ನುತ್ತೇನೆ. ರಾತ್ರಿಗೆ ಮಜ್ಜಿಗೆ, ಸೌತೆಕಾಯಿ.

ಮನೆಯಲ್ಲಿ ಶುಗರ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಇದನ್ನು ಮಾತ್ರ ಸಡಿಲ ಬಿಡಬೇಡಿ. ನಮ್ಮ ಯಜಮಾನರು ನನ್ನ ಜೊತೆಗೇ ರೊಟ್ಟಿ ಬಿಟ್ಟಿದ್ದರು. ಆಗ ಡಾಕ್ಟರು ಮಾತ್ರೆ ಕಡಿಮೆ ಮಾಡಿದ್ದರು, ಇಲ್ಲದಿದ್ದರೆ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳುವ ಅಪಾಯ ಇರುತ್ತದೆ. ರೊಟ್ಟಿ ಮತ್ತೆ ಶುರು ಮಾಡುವಾಗಲೂ ಡಾಕ್ಟರಿಗೆ ಹೇಳಿಯೇ ಮಾಡಬೇಕು. ಖಾಲಿ ಹೊಟ್ಟೆಯದೂ, ಊಟವಾಗಿ ಎರಡು ಗಂಟೆ ಬಿಟ್ಟು ಎರಡನೆಯದೂ ಪರೀಕ್ಷೆ ಮಾಡಿಸಿ, ಮಾತ್ರೆ ಎಷ್ಟು ಅಂತ ಅವರೇ ಹೇಳಲಿ.

ಅಮೆರಿಕದಲ್ಲಿ 1994ರಿಂದ ತೂಕ ಇಳಿಸಿ ಉಳಿಸಿಕೊಂಡವರ ದೊಡ್ಡ ಪಟ್ಟಿಯೊಂದನ್ನು ಇಟ್ಟಿದ್ದಾರೆ. 13 ಕೆಜಿಗೂ ಹೆಚ್ಚು ಇಳಿಸಿ ಒಂದು ವರ್ಷವಾದರೂ ಹಾಗೇ ಇದ್ದವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬಗ್ಗಿಸುತ್ತಾರೆ, ಹೆಚ್ಚಿನವರದು ನಡಿಗೆಯೇ. ನಾವೂ ಬೆಳಿಗ್ಗೆ ಕುಂದವಾಡ ಕೆರೆ ಏರಿಗೆ ಹೋಗುತ್ತೇವೆ. ಬೇಸಿಗೆಯಲ್ಲಿ ಆರೂವರೆ ದಾಟಿದರೆ ನಮ್ಮ ಬಿಸಿಲು ಬಿಡುವುದಿಲ್ಲ, ಐದೂವರೆಗೇ ಹೊರಡಬೇಕು. ಯಜಮಾನರು ಮೊದಲೆಲ್ಲ ವಾಪಸ್ ಬರುವಾಗ ಹೋಟೆಲ್ ಕಡೆ ಸ್ಕೂಟರ್ ತಿರುಗಿಸುತ್ತಿದ್ದರು. ಈಗ ಪರ್ಸ್ ನನ್ನ ಹತ್ತಿರ ಇರುತ್ತದೆ.

ತೂಕ ಮಾತ್ರ ದಿನಾ ನೋಡಬೇಡಿ. ನಾನು ಶನಿವಾರ ಬೆಳಿಗ್ಗೆ ಎದ್ದು, ಮುಖ ತೊಳೆದು, ಕಾಫಿಗೆ ಮುಂಚೆ ಮಷೀನು ಹತ್ತುತ್ತೇನೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇನೆ. 67 ನನ್ನ ಗೆರೆ. ಎರಡು ಶನಿವಾರ ಸತತವಾಗಿ ದಾಟಿದರೆ ರಾತ್ರಿಯ ರೊಟ್ಟಿ ಬಿಟ್ಟು ಕಾಳು, ಸೊಪ್ಪು, ಮಜ್ಜಿಗೆಗೆ ಇಳಿಯುತ್ತೇನೆ. 66ಕ್ಕೆ ಬರುವ ತನಕ ಅಷ್ಟೇ. ಅಷ್ಟನ್ನು ಇಳಿಸುವುದು ಕಷ್ಟವಲ್ಲ. 6 ಕೆಜಿ ಆಗುವ ತನಕ ಕೂತರೆ ಮತ್ತೆ ಪನೀರು, ಮತ್ತೆ ಫೋನು, ಮತ್ತೆ ದುಡ್ಡು.

ಹಬ್ಬದಲ್ಲಿ ಹೋಳಿಗೆ ಬಿಡುವವಳು ನಾನಲ್ಲ. ಯುಗಾದಿಗೆ ಎರಡು, ತುಪ್ಪ ಒಂದು ಚಮಚ, ಆ ದಿನ ಅನ್ನವೂ ಇಲ್ಲ ರೊಟ್ಟಿಯೂ ಇಲ್ಲ. ಉಳಿದ ಹೂರಣವನ್ನು ಫ್ರಿಜ್ಜಿನಲ್ಲಿ ಇಡದೆ ಅವತ್ತೇ ಪಕ್ಕದ ಮನೆಗಳಿಗೆ ಹಂಚಿಬಿಡುತ್ತೇನೆ. ಇಟ್ಟರೆ ಮಧ್ಯಾಹ್ನ ಮೂರಕ್ಕೆ ಅದು ನನ್ನನ್ನು ಹೆಸರು ಹಿಡಿದು ಕರೆಯುತ್ತದೆ. ಹಬ್ಬದ ವಾರದ ಶನಿವಾರ ಮಷೀನು ಹತ್ತುವುದಿಲ್ಲ, ಅದು ಬರೀ ಉಪ್ಪು, ನೀರಿನ ತೂಕ ತೋರಿಸಿ ಹೆದರಿಸುತ್ತದೆ. ಈ ಸಲವೂ ಹಾಗೇ ಒಂದು ವಾರ ಬಿಟ್ಟು ಹತ್ತಿದೆ. 65.8 ಇತ್ತು. ಯಜಮಾನರದ್ದು ಎಷ್ಟಿತ್ತು ಅಂತ ಅವರು ಹೇಳುತ್ತಿಲ್ಲ.