65 ಲೈನಿನ ಚುಕ್ಕಿಯಲ್ಲಿ ಬ್ಲ್ಯಾಕ್ ಟೆರರ್: ನನ್ನ ಅನುಭವ

‘ಹಳೇ ಕಾಮಿಕ್ಸ್ ಥರ ಚುಕ್ಕಿ ಬೇಕಾದ್ರೆ ಒಂದು ಫಿಲ್ಟರ್ ಹಾಕಿ ಮುಗಿಸಿ, 65 ಲೈನ್ ಸ್ಕ್ರೀನ್ ಈ ಕಾಲದಲ್ಲಿ ಯಾರು ಹಾಕ್ತಾರೆ’ ಅಂದವರೇ ಈಗ ನನ್ನ ಪ್ಲೇಟ್ ಫೈಲು ಕೇಳುತ್ತಿದ್ದಾರೆ. 65 ಲೈನ್ ಅಂದರೆ ಇಂಚಿಗೆ 65 ಸಾಲು ಚುಕ್ಕಿ; ಪ್ಲೇಟ್ ಅಂದರೆ ಅಚ್ಚಿಗಾಗಿ ಬಣ್ಣಕ್ಕೊಂದರಂತೆ ಮಾಡುವ ಲೋಹದ ಹಾಳೆ. ಫೈಲು ಕೊಡಲ್ಲ, ದಾರಿ ಹೇಳುತ್ತೇನೆ.

ಕನ್ನಡದಲ್ಲಿ ಮತ್ತೆ ಅಚ್ಚು ಹಾಕಲು ಕೈಗೆತ್ತಿಕೊಂಡದ್ದು ಅಮೆರಿಕದ ಹಳೇ ಕಾಮಿಕ್ಸ್ ವೀರ ಬ್ಲ್ಯಾಕ್ ಟೆರರ್ ಕಥೆಗಳನ್ನು. ಎದೆ ಮೇಲೆ ತಲೆಬುರುಡೆ ಗುರುತಿನ ಈ ಔಷಧಿ ಅಂಗಡಿಯವನು 1941ರ ಮೇ ತಿಂಗಳ ‘ಎಕ್ಸೈಟಿಂಗ್ ಕಾಮಿಕ್ಸ್’ 9ನೇ ಸಂಚಿಕೆಯಲ್ಲಿ ಹುಟ್ಟಿದ. ಕ್ಯಾಪ್ಟನ್ ಅಮೆರಿಕಾಗೆ ಕೈ ಹಾಕುವ ಹಾಗಿಲ್ಲ, ಅದರ ಹಕ್ಕು ಇನ್ನೂ ಜೀವಂತ. ಅಮೆರಿಕದಲ್ಲಿ 1964ಕ್ಕೆ ಮುಂಚಿನ ಪ್ರಕಟಣೆಗಳ ಹಕ್ಕನ್ನು 28ನೇ ವರ್ಷ ನವೀಕರಿಸಬೇಕಿತ್ತು, ಇಲ್ಲದಿದ್ದರೆ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು. 1941ರ ಸಂಚಿಕೆಗೆ 1968 ಮತ್ತು 69ರ ನವೀಕರಣ ಪಟ್ಟಿಗಳನ್ನು ತಿರುವಿ ಹಾಕಬೇಕು. ಸಂಚಿಕೆ ಸಂಚಿಕೆಗೂ ಬೇರೆ ಬೇರೆ ನೋಡಿ, ಒಂದು ನೋಡಿ ಎಲ್ಲಕ್ಕೂ ಅನ್ವಯಿಸಬೇಡಿ.

ಸ್ಕ್ಯಾನಿನಲ್ಲಿರುವ ಬಣ್ಣ ಉಳಿಸಿಕೊಳ್ಳುವ ಆಸೆ ಬಿಡಿ. ಹಳೇ ಚುಕ್ಕಿಯ ಮೇಲೆ ಹೊಸ ಚುಕ್ಕಿ ಬಿದ್ದರೆ ಪುಟ ತುಂಬ ಮೊಯ್ರೇ, ಅಂದರೆ ಅಲೆ ಅಲೆಯಾದ ಗೋಜಲು. ಬೇಕಾಗಿರುವುದು ಕಪ್ಪು ಗೆರೆ ಮಾತ್ರ. ಫೋಟೊ ಎಡಿಟರಿನಲ್ಲಿ ಸ್ಕ್ಯಾನಿನ ಆರ್, ಜಿ, ಬಿ (ಕೆಂಪು, ಹಸಿರು, ನೀಲಿ) ಮೂರು ಚಾನೆಲ್‌ಗಳನ್ನೂ ಮೂರು ಲೇಯರ್ ಮಾಡಿ ಮೇಲಿನ ಎರಡಕ್ಕೆ ಲೈಟನ್ ಮೋಡ್ (ಮೂರರಲ್ಲಿ ತಿಳಿಯಾದ್ದನ್ನೇ ಉಳಿಸುವುದು) ಕೊಡಿ. ಕೆಂಪು, ನೀಲಿ, ಹಸಿರು, ಹಳದಿ ಯಾವುದೇ ಇರಲಿ, ಮೂರರಲ್ಲಿ ಒಂದು ಚಾನೆಲಿನಲ್ಲಾದರೂ ತಿಳಿಯಾಗಿರುತ್ತದೆ. ಕಪ್ಪು ಮಾತ್ರ ಮೂರರಲ್ಲೂ ಕಪ್ಪು. ಆದರೆ ಅದಕ್ಕೆ ಮುಂಚೆ ಪ್ರತಿ ಚಾನೆಲಿಗೂ ಬೇರೆ ಬೇರೆ ಲೆವೆಲ್ಸ್ (ಕಪ್ಪು ಬಿಳುಪಿನ ಹೊಂದಾಣಿಕೆ) ಹಾಕಿ ಕಾಗದವನ್ನು ಬಿಳಿಗೆ ತರಬೇಕು. 80 ವರ್ಷದ ನ್ಯೂಸ್‌ಪ್ರಿಂಟ್ ಹಳದಿಗಟ್ಟಿ ಬ್ಲೂ ಚಾನೆಲ್ ಮಂಕಾಗಿರುತ್ತದೆ, ಹಾಗೇ ಬಿಟ್ಟರೆ ನೀಲಿ ಬಣ್ಣದ ಜಾಗಗಳೆಲ್ಲ ಬೂದಿಯಾಗಿ ಗೆರೆಗೆ ಅಂಟಿಕೊಳ್ಳುತ್ತವೆ. ಮೂರೂ ಇಂಕು ಒಂದರ ಮೇಲೊಂದು ಬಿದ್ದ ಕಂದು ಜಾಗಗಳಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಕೈಕೆಲಸವೇ.

ಗೆರೆಯನ್ನು ಮೊದಲು ಗ್ರೇಸ್ಕೇಲಿನಲ್ಲೇ (ಬೂದು ಛಾಯೆಗಳಲ್ಲೇ) 1200 ಡಿಪಿಐಗೆ (ಇಂಚಿಗೆ 1200 ಬಿಂದು) ಹಿಗ್ಗಿಸಿ, ಆಮೇಲೆ ಥ್ರೆಶೋಲ್ಡ್, ಅಂದರೆ ಬೂದು ಬಿಟ್ಟು ಬರೀ ಕಪ್ಪು-ಬಿಳಿ ಮಾಡುವುದು. ಮೊದಲೇ ಥ್ರೆಶೋಲ್ಡ್ ಮಾಡಿ ಹಿಗ್ಗಿಸಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ಅಲೆಕ್ಸ್ ಶೋಂಬರ್ಗ್ ಬರೆದ ಮುಖಪುಟಗಳಿಗೆ ಇದೂ ಸಾಲದು. ಮೂಲೆ ಮೂಲೆಗೂ ಪುಟ್ಟ ಸೈನಿಕರನ್ನು ತುರುಕಿರುತ್ತಾನೆ ಪುಣ್ಯಾತ್ಮ. ಅವನ್ನು ತುಂಡು ತುಂಡಾಗಿ, ಬೇರೆ ಬೇರೆ ಥ್ರೆಶೋಲ್ಡಿನಲ್ಲಿ ತೆಗೆಯಬೇಕು.

ಬಣ್ಣಕ್ಕೆ ಹಳೇ ಲೆಕ್ಕವೇ: ಸಯಾನ್ (ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ ಒಂದೊಂದೂ ಶೇಕಡಾ 0, 25, 50, 100. ಒಟ್ಟು 64 ಬಣ್ಣ. ಇದರಾಚೆ ಒಂದು ಬಣ್ಣ ಸೇರಿಸಿದರೂ ಪುಟದ ಕಳೆ ಹೋಗುತ್ತದೆ. ಬಿಳಿಯರ ಮೈಬಣ್ಣಕ್ಕೆ ಹಳದಿ 25, ಮಜೆಂಟಾ 25. ಯುದ್ಧಕಾಲದ ಕಾಮಿಕ್ಸ್‌ನಲ್ಲಿ ಜಪಾನೀಯರ ಮುಖಕ್ಕೆ ಅಚ್ಚ ಹಳದಿ ಬಳಿದಿರುತ್ತಿದ್ದರು. ಹೇಗೂ ಹೊಸದಾಗಿ ಬಣ್ಣ ಹಾಕುವಾಗ ಆ ಕೊಳಕನ್ನು ಹೊತ್ತು ತರುವ ಅಗತ್ಯ ಕಾಣಲಿಲ್ಲ; ಎಲ್ಲರಿಗೂ ಮನುಷ್ಯರ ಬಣ್ಣವೇ ಕೊಟ್ಟೆ.

ಡಾಟ್ ಗೇನ್ (ಇಂಕು ಹರಡಿ ಚುಕ್ಕಿ ಊದಿಕೊಳ್ಳುವುದು) ವಿಷಯದಲ್ಲಿ ಹುಷಾರು. ನಮ್ಮ ಕಾಗದದ ಮೇಲೆ 50 ಅಂತ ಕೊಟ್ಟಿದ್ದು 70ರ ಹತ್ತಿರ ಬಂದು ಕೂರುತ್ತದೆ. ಫೈಲಿನಲ್ಲಿ 50ಕ್ಕೆ 35ರ ಆಸುಪಾಸು, 25ಕ್ಕೆ 15–16 ಇಟ್ಟರೆ ಸರಿ. ಹಳದಿಯ ಲೆಕ್ಕ ಬೇರೆ, ಅದನ್ನು ನಾನು ಹೇಳಲ್ಲ, ನೀವೇ ಒಂದು ಸ್ಟ್ರಿಪ್ ಹೊಡೆಸಿ ನೋಡಿ.

ದುಡ್ಡು ಸುಟ್ಟಿದ್ದು ಪ್ಲೇಟಿನಲ್ಲಿ. 65 ಅಂತ ಬರೆದು ಕೊಟ್ಟರೂ ಸಿಟಿಪಿಯವರ (ಕಂಪ್ಯೂಟರಿನಿಂದ ನೇರ ಪ್ಲೇಟು ಮಾಡುವವರ) ರಿಪ್, ಅಂದರೆ ಫೈಲನ್ನು ಚುಕ್ಕಿಗೆ ಒಡೆಯುವ ಸಾಫ್ಟ್‌ವೇರ್, ತನ್ನ ಪಾಡಿಗೆ 150 ಹಾಕಿ ಕೂರುತ್ತದೆ. ಚುಕ್ಕಿ ಮೊದಲೇ ಇರುವ ಫೈಲು ಗ್ರೇಸ್ಕೇಲಿನಲ್ಲಿ ಕೊಟ್ಟರೆ ಅದರ ಮೇಲೆ ಮತ್ತೊಂದು ಸ್ಕ್ರೀನ್. ಎರಡು ಸೆಟ್ ಪ್ಲೇಟು ಹೀಗೆ ಗುಜರಿಗೆ ಹೋಯಿತು, ಹತ್ತು ಸಾವಿರದ ಹತ್ತಿರ. ಪರಿಹಾರ: ನಾಲ್ಕೂ ಬಣ್ಣಕ್ಕೆ 2400 ಡಿಪಿಐ ವನ್-ಬಿಟ್ ಟಿಫ್ (ಬೂದು ಇಲ್ಲದ, ಬರೀ ಕಪ್ಪು-ಬಿಳಿ ಚಿತ್ರದ ಫೈಲು) ನಾವೇ ಮಾಡಿ, ‘ಸ್ಕ್ರೀನ್ ಹಾಕಬೇಡಿ, ಇದ್ದ ಹಾಗೇ ಪ್ಲೇಟಿಗೆ ಇಳಿಸಿ’ ಎಂದು ಎದುರಿಗೆ ನಿಂತು ಹೇಳುವುದು. ಚುಕ್ಕಿ ಸಾಲುಗಳ ಕೋನ, ಡಿಗ್ರಿಯಲ್ಲಿ: ಕಪ್ಪು 45, ಮಜೆಂಟಾ 75, ಸಯಾನ್ 15, ಹಳದಿ 0. ಬಣ್ಣಗಳು ಕಪ್ಪು ಗೆರೆಯ ಅಡಿಗೂ ಹರಿಯಬೇಕು, ಕಪ್ಪು ಓವರ್‌ಪ್ರಿಂಟ್ ಆಗಬೇಕು. ಇಲ್ಲದಿದ್ದರೆ ರಿಜಿಸ್ಟ್ರೇಶನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಕೂದಲೆಳೆಯಷ್ಟು ಸರಿದರೂ ಬಿಳಿ ಸೀಳು ಕಾಣುತ್ತದೆ.

ಕಾಗದಕ್ಕೆ ಬಂದರೆ (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ತೂಕ), 45 ಜಿಎಸ್‌ಎಂ ನ್ಯೂಸ್‌ಪ್ರಿಂಟ್ ಶೀಟ್‌ಫೆಡ್ ಮಷೀನಿಗೆ (ಬಿಡಿ ಹಾಳೆ ಹಾಕುವ ಮಷೀನು) ಆಗಿಬರುವುದಿಲ್ಲ. ಎರಡೆರಡು ಶೀಟ್ ಒಟ್ಟಿಗೆ ಹೋಗುತ್ತವೆ, ಧೂಳು ಬ್ಲಾಂಕೆಟ್ಟಿಗೆ (ಕಾಗದಕ್ಕೆ ಇಂಕು ಒತ್ತುವ ರಬ್ಬರ್ ಹಾಳೆ) ಮೆತ್ತಿ ಗಳಿಗೆಗೊಮ್ಮೆ ತೊಳೆಯಬೇಕು. ಮ್ಯಾಪ್‌ಲಿಥೋ ಕಾಗದ ವಿಪರೀತ ಬಿಳಿ. ಅದರ ಮೇಲೆ ಹಳದಿ ಟಿಂಟ್ ಹೊಡೆದು ಹಳೇ ಕಾಗದದ ವೇಷ ಹಾಕಿದರೆ ನಾಟಕದ ಪರದೆ ಥರ ಕಾಣುತ್ತದೆ. ಕೊನೆಗೆ ಒಗ್ಗಿದ್ದು ನೋಟ್‌ಬುಕ್ಕಿನ 60 ಜಿಎಸ್‌ಎಂ ಕ್ರೀಮ್‌ವೋವ್. ಅದರ ಮೇಲೆ ಬರೀ ಕಪ್ಪು ಬೂದುಗಪ್ಪಾಗುತ್ತದೆ, ಬ್ಲ್ಯಾಕ್ ಟೆರರ್ ಪೋಷಾಕೇ ಕಪ್ಪು, ಹಾಗಾಗಿ ಅಡಿಗೆ ಸಯಾನ್ 50 ಕೊಡಿ. ಒಂದೇ ಜಾಗದಲ್ಲಿ ನಾಲ್ಕೂ ಬಣ್ಣದ ಒಟ್ಟು ಇಂಕು ಶೇಕಡಾ 240 ದಾಟಿದರೆ ಎದುರು ಪುಟಕ್ಕೆ ಅಚ್ಚು ಒತ್ತುತ್ತದೆ.

ನಡುವೆ ಒಂದು ಹುಚ್ಚು. ಒಂದು ಪುಟವನ್ನು ಜಿಂಕ್ ಬ್ಲಾಕ್ ಮಾಡಿಸಿ ಹಳೇ ಟ್ರೆಡಲ್ ಮಷೀನಿನಲ್ಲಿ ನಾಲ್ಕು ಸಲ ಹೊಡೆಸಿದೆ. ಆಗಿನವರದ್ದು ಲೆಟರ್‌ಪ್ರೆಸ್ಸೇ (ಉಬ್ಬಿದ ಅಚ್ಚಿಗೆ ಇಂಕು ಹಚ್ಚಿ ಒತ್ತುವುದು) ತಾನೇ. ಚುಕ್ಕಿಯ ಸುತ್ತ ಇಂಕು ಒತ್ತಿಕೊಂಡು ಕಟ್ಟುವ ಆ ದಟ್ಟ ಅಂಚು ಆಫ್‌ಸೆಟ್ಟಿನಲ್ಲಿ ಜನ್ಮದಲ್ಲಿ ಬರಲ್ಲ. ಆದರೆ ಬ್ಲಾಕಿನ ಖರ್ಚಿಗೆ ಇಡೀ ಪುಸ್ತಕದ ಕಾಗದ ಬರುತ್ತಿತ್ತು. ಅಲ್ಲಿಗೇ ಬಿಟ್ಟೆ.

ಮಾತಿನ ಬಲೂನುಗಳಲ್ಲಿ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳ ಸಾಲುಗಳು ಒತ್ತೊತ್ತಾಗಿರುತ್ತವೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲಿನ ಅಂತರ ಅಕ್ಷರದ ಒಂದೂವರೆಯಾದರೂ ಬೇಕು. ಚಿತ್ರ ಮುಚ್ಚಿ ಬಲೂನು ದೊಡ್ಡದು ಮಾಡುವ ಬದಲು ಮಾತನ್ನೇ ಕತ್ತರಿಸಿ: ಇಪ್ಪತ್ತು ಇಂಗ್ಲಿಷ್ ಪದ ಇದ್ದಲ್ಲಿ ಹತ್ತು ಹನ್ನೊಂದು ಕನ್ನಡ ಪದ. 8 ಪಾಯಿಂಟಿಗಿಂತ ಕೆಳಗಿಳಿದರೆ ಥ, ಠಗಳ ಹೊಟ್ಟೆಯ ಚುಕ್ಕಿ ಇಂಕಿನಲ್ಲಿ ಮುಚ್ಚಿಹೋಗುತ್ತದೆ, ಧದ ಸೀಳು ಮಾಯವಾಗಿ ‘ಧನ’ ‘ದನ’ ಆಗುತ್ತದೆ. ಬೋಲ್ಡ್ ಫಾಂಟ್ ಬೇಡವೇ ಬೇಡ. ಒತ್ತು ಕೊಡಬೇಕಾದ ಪದವನ್ನು ಒಂದೂವರೆ ಪಾಯಿಂಟ್ ದೊಡ್ಡದು ಮಾಡಿ.

ಮೂಲದ ಅಳತೆ ಸುಮಾರು 7¾ × 10½ ಇಂಚು. ನಮ್ಮ 20 × 30 ಇಂಚಿನ ಶೀಟಿನಲ್ಲಿ ಒಂದು ಬದಿಗೆ 8 ಪುಟ ಕೂರಿಸಿದರೆ ಕಟಿಂಗ್ ಆದಮೇಲೆ 7¼ × 9¾ ಉಳಿಯುತ್ತದೆ, ಏನೂ ಮೋಸವಿಲ್ಲ. 32 ಪುಟಕ್ಕೆ 16 ಪ್ಲೇಟು, ಐದು ಸಾವಿರ. ಸಾವಿರ ಪ್ರತಿಗೆ ವೇಸ್ಟೇಜ್ ಸೇರಿ ಐದು ರೀಮಿನೊಳಗೆ ಕಾಗದ, ನಾಲ್ಕು ಸಾವಿರ ಚಿಲ್ಲರೆ. ಪ್ರಿಂಟಿಂಗ್ ಏಳು ಸಾವಿರ, ಮುಖಪುಟ ನಾಲ್ಕು ಸಾವಿರ, ಸೆಂಟರ್ ಪಿನ್ನಿಂಗ್ ಎರಡೂವರೆ ಸಾವಿರ. ಕೆಟ್ಟ ಪ್ಲೇಟುಗಳನ್ನು ಬಿಟ್ಟರೆ ಪ್ರತಿಗೆ 23 ರೂಪಾಯಿ ಬಿದ್ದಿದೆ. ಮುಂದಿನ ಸಂಚಿಕೆಗೆ ಇದೇ ಕಾಗದ, ಆದರೆ ಕಪ್ಪನ್ನು ಮೊದಲು ಹೊಡೆಸದೆ ಕೊನೆಗೆ ಹೊಡೆಸಿ ನೋಡುವವನಿದ್ದೇನೆ.