ಹ್ಯಾಂಗ್ ಆಗುತ್ತಿದ್ದ ಕಂಪ್ಯೂಟರ್‌ನ ಕಾರಣ ಹುಡುಕಿದ್ದು

ಬನಶಂಕರಿಯ ನಮ್ಮ ಮನೆಯಲ್ಲೇ ಕೂತು ಐದಾರು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ತಿಂಗಳ 20ರೊಳಗೆ ಅವರ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಬೇಕು. ಸರಿಯಾಗಿ ಅದೇ ಹೊತ್ತಿಗೆ, 9ನೇ ತಾರೀಖಿನಿಂದ, ಕಂಪ್ಯೂಟರ್ ಹ್ಯಾಂಗ್ ಆಗತೊಡಗಿತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬಿಲ್ ಹಾಕುತ್ತಿರುವಾಗಲೇ ಸ್ಕ್ರೀನ್ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡುತ್ತಿರಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪವೂ ಬದಲಾಗುತ್ತಿರಲಿಲ್ಲ. ಈ ದೀಪವನ್ನು ನೋಡುವುದು ಒಳ್ಳೆಯ ಅಭ್ಯಾಸ. ಅದು ಹತ್ತಿ ಆರುತ್ತಿದ್ದರೆ ಸಾಮಾನ್ಯವಾಗಿ ಒಂದು ಪ್ರೋಗ್ರಾಂ ಅಥವಾ ಡಿಸ್‌ಪ್ಲೇ ಮಾತ್ರ ಸಿಕ್ಕಿಕೊಂಡಿರುತ್ತದೆ. ನನ್ನದು ಹಾಗಲ್ಲ, ಇಡೀ ಮೆಷಿನ್ನೇ ನಿಂತಿತ್ತು.

ಹತ್ತಿರದ ಸರ್ವಿಸ್ ಅಂಗಡಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ, ಸರಿಹೋಗುತ್ತೆ" ಅಂದರು. ಕಾರಣವೇ ಗೊತ್ತಿಲ್ಲದೆ ಎಲ್ಲ ಅಳಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ. ಮೊದಲು ಟ್ಯಾಲಿ ಡೇಟಾ, ಮನೆಯ ಫೋಟೊಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆ. ಹಿಂದಿನ ತಿಂಗಳ ಬ್ಯಾಕಪ್ ಅಳಿಸದೆ, ಬೇರೆ ಫೋಲ್ಡರ್ ಮಾಡಿದೆ. ಇದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಮಗನ ಹಳೆಯ ನೋಟ್‌ಬುಕ್‌ನಲ್ಲಿ ಪ್ರತಿ ಸಲ ಹ್ಯಾಂಗ್ ಆದಾಗಲೂ ಬರೆದಿಟ್ಟೆ: ಗಂಟೆ ಎಷ್ಟು, ಏನು ತೆರೆದಿತ್ತು, ಪ್ರೊಸೆಸರ್ ಬಿಸಿ ಎಷ್ಟಿತ್ತು. ಬಿಸಿ ನೋಡಲು ಎಚ್‌ಡಬ್ಲ್ಯೂಮಾನಿಟರ್ ಹಾಕಿಕೊಂಡಿದ್ದೆ. ವಿಂಡೋಸ್ ತನ್ನಲ್ಲಿ ಆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಕರ್ನಲ್-ಪವರ್ 41 ಅಂತ ಕಾಣುತ್ತಿತ್ತು. ಅದನ್ನು ನೋಡಿ, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಹಾಳಾಗಿದೆ ಅಂತ ಬದಲಾಯಿಸುವವರು ಇದ್ದಾರೆ. ಆದರೆ 41 ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದು ನಾನೇ ಅಲ್ವಾ! ಡಿಸ್ಕಿನ ಎರರ್ ಯಾವುದೂ ಇರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಕೂಡ ಡಿಸ್ಕ್ ಚೆನ್ನಾಗಿದೆ ಅಂತಲೇ ತೋರಿಸಿತು.

ಆದರೆ ಬಿಸಿ 92 ಡಿಗ್ರಿ ಇತ್ತು. ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆದೆ. ನಮ್ಮ ಕಿಟಕಿ ರಸ್ತೆ ಕಡೆಗಿದೆ. ಫ್ಯಾನ್ ಕೆಳಗೆ, ಪ್ರೊಸೆಸರ್ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್ ಸಂದಿಗಳಲ್ಲಿ ಬೂದು ಬಣ್ಣದ ಧೂಳು ಕಂಬಳಿ ಹಾಗೆ ಹೆಣೆದುಕೊಂಡಿತ್ತು. ಉಗುರಿನಿಂದ ಎಳೆದರೆ ಉದ್ದಕ್ಕೆ ಒಂದೇ ಪಟ್ಟಿಯಾಗಿ ಬಂತು. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹೊಡೆದೆ. ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು; ಅದನ್ನು ಒರೆಸಿ, ತೊಗರಿ ಬೇಳೆಯಷ್ಟು ಹೊಸದು ಹಚ್ಚಿದೆ. ಬಿಸಿ 61ಕ್ಕೆ ಇಳಿಯಿತು. ಎರಡು ದಿನ ಏನೂ ತೊಂದರೆ ಇರಲಿಲ್ಲ. ತುಂಬಾ ಖುಷಿಯಾಗಿತ್ತು.

ಮೂರನೇ ದಿನ ಸಂಜೆ ಮಗ ಕೂಗಿದ, "ಅಮ್ಮಾ, ಮತ್ತೆ ನಿಂತೋಯ್ತು." ಓಡಿಬಂದು ನೋಡಿದರೆ ಸ್ಕ್ರೀನ್ ಮೇಲೆ 48 ಡಿಗ್ರಿ ಹಾಗೇ ನಿಂತಿತ್ತು. ಬಿಸಿ ಕಾರಣವಲ್ಲ ಅನ್ನುವುದು ಆಗಲೇ ಖಚಿತವಾಯಿತು.

ಉಳಿದದ್ದು ರ‍್ಯಾಮ್. ಕೆಲಸ ನಡೆಯುವಾಗ ಡೇಟಾ ಇರುವ ಮೆಮೊರಿ ಅದು. 8 ಜಿಬಿಯ ಎರಡು ಸ್ಟಿಕ್ ಇದ್ದವು. ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಪೆನ್ ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆ ಹಾಕಿ ರಾತ್ರಿ ಮಲಗುವ ಮುಂಚೆ ಓಡಲು ಬಿಟ್ಟೆ. ಬೆಳಿಗ್ಗೆ ಎದ್ದಾಗ 14 ಎರರ್ ಇದ್ದವು. ಇದರಲ್ಲಿ ಒಂದು ಎರರ್ ಬಂದರೂ ಒಪ್ಪಬಾರದು.

ಆದರೆ ಸ್ಟಿಕ್ ಕೆಟ್ಟಿದೆಯೋ ಬೋರ್ಡಿನ ಸ್ಲಾಟ್ ಕೆಟ್ಟಿದೆಯೋ? ಇಲ್ಲಿ ಆತುರ ಪಟ್ಟರೆ ಹಣ ಸುಮ್ನೆ ದಂಡ. ಒಂದೊಂದೇ ಸ್ಟಿಕ್ ಹಾಕಿ ಟೆಸ್ಟ್ ಮಾಡಿದೆ. ಒಂದು ಸ್ಟಿಕ್ ಎರಡು ಸ್ಲಾಟ್‌ನಲ್ಲೂ ಪಾಸಾಯಿತು. ಇನ್ನೊಂದು ಎಲ್ಲಿ ಹಾಕಿದರೂ ಎರರ್. ಇದಕ್ಕೆ ಎರಡು ರಾತ್ರಿ ಹಿಡಿಯಿತು, ಆದರೆ ಅನುಮಾನ ಉಳಿಯಲಿಲ್ಲ. ಕೆಟ್ಟದ್ದರ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿದೆ.

ಮರುದಿನ ಗ್ರೀನ್ ಲೈನ್ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರೋಡ್‌ಗೆ ನಡೆದೆ. ಒಳ್ಳೆಯ ಸ್ಟಿಕ್ಕನ್ನೂ ಜೊತೆಗೆ ಒಯ್ದಿದ್ದೆ. ಅದೇ ಡಿಡಿಆರ್4 ಬಗೆಯದು, ಅದೇ ವೇಗದ್ದು ಕೊಡಿ ಅಂದೆ, ಬಿಲ್ ಬರೆಸಿಕೊಂಡೆ. ಮನೆಗೆ ಬಂದು ಹೊಸದನ್ನೂ ಮೊದಲು ಒಂದು ರಾತ್ರಿ ಟೆಸ್ಟ್ ಮಾಡಿದೆ. ಎರರ್ ಸೊನ್ನೆ.

ಜಾಸ್ತಿ ಭಯ ಇದ್ದದ್ದು ಆಮೇಲೆಯೇ. ರ‍್ಯಾಮ್ ಕೆಟ್ಟಿದ್ದರೆ ಅದರಲ್ಲಿದ್ದ ಅಂಕಿ ತಪ್ಪಾಗಿಯೇ ಡಿಸ್ಕಿಗೆ ಹೋಗಿರಬಹುದು, ಯಾವ ಸೂಚನೆಯೂ ಬರುವುದಿಲ್ಲ. ಈ ಮೆಷಿನ್‌ನಲ್ಲೇ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದ್ದರೆ ಅದೂ ಕೆಡಬಹುದಿತ್ತು. ನನಗೋ ಬೇರೆಯವರ ಲೆಕ್ಕ. ಹಿಂದಿನ ತಿಂಗಳ ಬ್ಯಾಕಪ್ ತೆಗೆದು ಓಪನಿಂಗ್ ಬ್ಯಾಲೆನ್ಸ್‌ಗಳನ್ನು ತಾಳೆ ನೋಡಿದೆ. 9ರಿಂದ ಹಾಕಿದ ಎಂಟ್ರಿಗಳನ್ನು ಕಾಗದದ ಬಿಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಟಿಕ್ ಹಾಕಿದೆ. ಹ್ಯಾಂಗ್ ಆದ ಹೊತ್ತಿಗೆ ಸೇವ್ ಆಗದ ಎರಡು ಬಿಲ್ ಸಿಕ್ಕವು. ಉಳಿದದ್ದೆಲ್ಲ ಸರಿಯಿತ್ತು. 19ರ ರಾತ್ರಿ ಕೊನೆಯ ಅಂಗಡಿಯ ರಿಟರ್ನ್ ಹಾಕಿ ಮುಗಿಸಿದೆ.